ಕರಪತ್ರ ನಾಲ್ಕು ಭಾಷೆಯಲ್ಲಿದೆ. ಇಷ್ಟಕ್ಕೇ ‘ಸಮುದಾಯಕ್ಕೆ ಹೊಂದಿಸಿದ್ದೇವೆ’ ಅನ್ನಬಹುದಾ?

ತೂಕದಕಲ್ಲು:
ಸಾರ್ವಜನಿಕ ಆರೋಗ್ಯದಲ್ಲಿ ಎರಡನೇ ವರ್ಷದ ಮಾಸ್ಟರ್ಸ್ ಮಾಡುತ್ತಿದ್ದೇನೆ. ಮಕ್ಕಳಿಗೆ ಬೊಜ್ಜು ಬರದಂತೆ ತಡೆಯುವುದು ನನ್ನ ಪ್ರಬಂಧದ ವಿಷಯ. ನಾನು ಕೆಲಸ ಮಾಡುವ ಕಡೆ ನಾಲ್ಕು ಭಾಷೆ ಆಡುವ, ಬೇರೆ ಬೇರೆ ಕಡೆಯಿಂದ ಬಂದು ನೆಲೆಸಿದ ಕುಟುಂಬಗಳಿವೆ. ಕರಪತ್ರವನ್ನು ನಾಲ್ಕೂ ಭಾಷೆಗೆ ಮಾಡಿಸಿದೆ. ಚಿತ್ರದಲ್ಲಿನ ಮುಖ, ಬಟ್ಟೆ ಕೂಡ ಬದಲಾಯಿಸಿದೆ. ಗೈಡ್ ನೋಡಿ ಚೆನ್ನಾಗಿದೆ ಅಂದರು. ನನಗೆ ಮಾತ್ರ ಸಮಾಧಾನವಿಲ್ಲ.

ಪಾಥ್‌ವೇಸ್ ಅಧ್ಯಯನ ಓದಿದಾಗಿನಿಂದ ಹೀಗೆ. ಅಮೆರಿಕದ ಮೂಲನಿವಾಸಿ ಮಕ್ಕಳಿಗಾಗಿ, ಆ ಜನರನ್ನೇ ಜೊತೆಗೆ ಕೂರಿಸಿಕೊಂಡು ರೂಪಿಸಿದ್ದು ಅದು. 41 ಶಾಲೆ, 1,704 ಮಕ್ಕಳು, ಮೂರು ವರ್ಷ. ಪಾಠ, ಶಾಲೆಯ ಊಟ, ಆಟ, ಮನೆಯವರು, ಏನನ್ನೂ ಬಿಟ್ಟಿರಲಿಲ್ಲ. 2003ರಲ್ಲಿ ಫಲಿತಾಂಶ ಬಂತು. ಕಾರ್ಯಕ್ರಮ ನಡೆದ ಮತ್ತು ನಡೆಯದ ಶಾಲೆಗಳ ಮಕ್ಕಳ ನಡುವೆ ಮೈಕೊಬ್ಬಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಅವರ ಪಾಡೇ ಹೀಗಾದರೆ ನನ್ನ ಕರಪತ್ರ ಯಾವ ಲೆಕ್ಕ?

ಇನ್ನೊಂದು. ಹೋದ ವಾರ ಒಬ್ಬ ತಾಯಿಯನ್ನು ‘ವಾರಕ್ಕೆ ಎಷ್ಟು ನಿಮಿಷ ವ್ಯಾಯಾಮ ಮಾಡುತ್ತೀರಿ’ ಅಂತ ಕೇಳಿದೆ. ‘ಅದೆಲ್ಲ ಇಲ್ಲಮ್ಮ’ ಅಂದರು. ಸೊನ್ನೆ ಬರೆದುಕೊಂಡೆ. ಹೊರಡುವಾಗ ಗೊತ್ತಾಯಿತು, ಅವರು ದಿನಾ ಮೂರು ಕಟ್ಟಡಗಳ ಮೆಟ್ಟಿಲು ಒರೆಸುತ್ತಾರೆ! ಅನುವಾದದಲ್ಲಿ ತಪ್ಪಿರಲಿಲ್ಲ. ಪ್ರಶ್ನೆಯೇ ಸರಿ ಇರಲಿಲ್ಲ, ಅಲ್ವಾ?

ಅಂಕಿಗಾರ:
ಪಾಥ್‌ವೇಸನ್ನು ಪೂರ್ತಿ ಸೋಲು ಅನ್ನಬೇಡಿ ಮೇಡಂ. ಮಕ್ಕಳ ಊಟದಲ್ಲಿ ಕೊಬ್ಬಿನ ಪಾಲು ಇಳಿದಿತ್ತು. ಶಾಲೆಯ ಕೈಗೆ ಎಟುಕಿದ್ದು ಬದಲಾಯಿತು, ಮೈ ಬದಲಾಗಲು ಅಷ್ಟು ಸಾಲಲಿಲ್ಲ ಅಂತ ನಾನು ಓದಿಕೊಳ್ಳುತ್ತೇನೆ.

ನಿಮ್ಮ ಕಸಿವಿಸಿಗೆ ಒಂದು ಹೆಸರೂ ಇದೆ. ಸಾರ್ವಜನಿಕ ಆರೋಗ್ಯ ಸಂಶೋಧಕ ಕೆನ್ ರೆಸ್ನಿಕೋ ಮತ್ತು ಜೊತೆಗಾರರು ಸಮುದಾಯಕ್ಕೆ ಹೊಂದಿಸುವುದನ್ನು 1999ರಲ್ಲೇ ಎರಡು ಪದರ ಅಂತ ವಿಂಗಡಿಸಿದ್ದರು. ಭಾಷೆ, ಮುಖ, ಹಾಡು ಮೇಲಿನ ಪದರ. ಆ ಜನ ಆರೋಗ್ಯವನ್ನು ಹೇಗೆ ನೋಡುತ್ತಾರೆ, ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ಬದುಕಿನ ಒತ್ತಡ ಏನು, ಅದು ಒಳಗಿನ ಪದರ. ನೀವು ಮೇಲಿನದನ್ನು ಮುಗಿಸಿದ್ದೀರಿ.

ಹಾಗಂತ ಗುಂಪಿಗೊಂದು ಕಾರ್ಯಕ್ರಮ ಬೇಕಿಲ್ಲ. ಸಕ್ಕರೆ ಕಾಯಿಲೆ ತಡೆಯಲು ಅಮೆರಿಕದಲ್ಲಿ ನಡೆದ, 2002ರಲ್ಲಿ ಫಲಿತಾಂಶ ಬಂದ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ ನೋಡಿ. ದೊಡ್ಡವರ ಅಧ್ಯಯನ, ಅದು ನೆನಪಿರಲಿ. 3,234 ಜನ, ಅರ್ಧಕ್ಕೆ ಹತ್ತಿರದಷ್ಟು ಅಲ್ಪಸಂಖ್ಯಾತ ಸಮುದಾಯದವರು. ಜೀವನಶೈಲಿ ಬದಲಿಸುವ ಗುಂಪಿನಲ್ಲಿದ್ದ ಎಲ್ಲರಿಗೂ ಗುರಿ ಒಂದೇ: 7% ತೂಕ ಇಳಿಸುವುದು, ವಾರಕ್ಕೆ 150 ನಿಮಿಷ ಮೈ ದಣಿಸುವುದು. ಆದರೆ ಒಬ್ಬೊಬ್ಬರ ಜೊತೆಗೂ ಒಬ್ಬ ತರಬೇತುದಾರ ಕೂತು ದಾರಿ ಹುಡುಕುತ್ತಿದ್ದರು. ಔಷಧವಿಲ್ಲದ ಖಾಲಿ ಮಾತ್ರೆ ಪಡೆದವರಿಗೆ ಹೋಲಿಸಿದರೆ ಇವರಲ್ಲಿ ಸಕ್ಕರೆ ಕಾಯಿಲೆ ಬರುವುದು 58% ಕಡಿಮೆಯಾಯಿತು, ಎಲ್ಲ ಜನಾಂಗದವರಲ್ಲೂ. ದುಬಾರಿ, ನಿಜ.

ಟೇಪುರಾಯ:
ಯಾವ ಅಳತೆ ಇಟ್ಟುಕೊಂಡಿದ್ದೀರಿ? ಬರೀ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, ಆದರೆ ಹುಷಾರು. ದೊಡ್ಡವರಲ್ಲಿ 25ಕ್ಕೆ ಹೆಚ್ಚು ತೂಕ, 30ಕ್ಕೆ ಬೊಜ್ಜು ಅನ್ನುವ ಗೆರೆ ಎಲ್ಲರಿಗೂ ಹೊಂದುವುದಿಲ್ಲ. ಏಷ್ಯಾದವರಿಗೆ 23 ಮತ್ತು 27.5ರಲ್ಲೇ ಎಚ್ಚರ ವಹಿಸಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಹೇಳಿದರು. ಸಮೋವಾದಲ್ಲಿ ಇನ್ನೂ ವಿಚಿತ್ರ. ಅಲ್ಲಿ ಅನೇಕರಲ್ಲಿರುವ ಒಂದು ಜೀನ್ ರೂಪ ಬಿಎಂಐ ಏರಿಸುತ್ತದೆ, ಸಕ್ಕರೆ ಕಾಯಿಲೆಯ ಅಪಾಯವನ್ನು ಮಾತ್ರ ಇಳಿಸುತ್ತದೆ. ಮಕ್ಕಳಿಗಂತೂ ವಯಸ್ಸು, ಲಿಂಗ ನೋಡಿ ಬೆಳವಣಿಗೆಯ ಪಟ್ಟಿಯಿಂದಲೇ ಗೆರೆ ತೆಗೆಯಬೇಕು.

ರಾತ್ರಿಪಾಳಿ:
ನನಗೆ ತುಂಬಾ ಕಾಡಿದ ಅಧ್ಯಯನದಲ್ಲಿ ಕರಪತ್ರವೇ ಇರಲಿಲ್ಲ. ಮೂವಿಂಗ್ ಟು ಆಪರ್ಚುನಿಟಿ. 1994ರಿಂದ 1998ರವರೆಗೆ ಅಮೆರಿಕದ ಐದು ನಗರಗಳ ಬಡ ಬಡಾವಣೆಗಳಲ್ಲಿ ಮಕ್ಕಳಿದ್ದ 4,498 ತಾಯಂದಿರ ನಡುವೆ ಚೀಟಿ ಎತ್ತಿದರು. ಕೆಲವರಿಗೆ ಬಡತನ ಕಡಿಮೆ ಇರುವ ಕಡೆ ಮನೆ ಹಿಡಿಯಲು ಬಾಡಿಗೆ ನೆರವು ಸಿಕ್ಕಿತು. ಹೀಗೆ ತಿನ್ನಿ, ಹಾಗೆ ಓಡಿ ಅಂತ ಯಾರೂ ಹೇಳಲಿಲ್ಲ. ಹತ್ತು ಹದಿನೈದು ವರ್ಷದ ಮೇಲೆ ಅಳೆದರೆ, ನೆರವು ಸಿಕ್ಕವರಲ್ಲಿ ಬಿಎಂಐ 35 ದಾಟಿದವರ ಪಾಲು ಸುಮಾರು 4.6 ಶೇಕಡಾ ಅಂಶದಷ್ಟು ಕಡಿಮೆ. 30ರ ಗೆರೆಯಲ್ಲಿ ಮಾತ್ರ ವ್ಯತ್ಯಾಸ ಸ್ಪಷ್ಟವಾಗಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಆ ತಾಯಿಯ ಹತ್ತಿರ ಇನ್ನೊಮ್ಮೆ ಹೋಗಿ. ಫಾರಂ ಬಿಟ್ಟು ಹೋಗಿ.

ತೂಕದಕಲ್ಲು:
ಹೋಗಿದ್ದೆ. ‘ನಿನ್ನೆ ಎದ್ದಾಗಿನಿಂದ ಏನೇನು ಮಾಡಿದಿರಿ’ ಅಂತ ಕೇಳಿ ಸುಮ್ನೆ ಕೂತೆ. ನಲವತ್ತು ನಿಮಿಷ ಮಾತಾಡಿದರು. ಶಾಲೆ ಬಿಟ್ಟ ಮೇಲೆ ಮಗ ಒಳಗಿನಿಂದ ಚಿಲಕ ಹಾಕಿಕೊಂಡು ಟಿವಿ ಮುಂದೆ ಕೂರುತ್ತಾನಂತೆ. ಅದು ಅಮ್ಮನದೇ ಅಪ್ಪಣೆ. ಅವರು ಬರುವುದು ಏಳೂವರೆಗೆ, ಅಲ್ಲಿಯವರೆಗೆ ಹೊರಗೆ ನೋಡಿಕೊಳ್ಳುವವರಿಲ್ಲ. ‘ಟಿವಿ ಕಡಿಮೆ ಮಾಡಿ’ ಅನ್ನುವುದು ನನ್ನ ಕರಪತ್ರದ ಮೂರನೇ ಸಾಲು. ಓದಿ ಹೇಳಲು ಬಾಯಿ ಬರಲಿಲ್ಲ.

ಶಾಲೆಯಲ್ಲೇ ಏಳೂವರೆವರೆಗೆ ಆಟ, ಜೊತೆಗೊಬ್ಬ ದೊಡ್ಡವರು, ಹೀಗೆ ಯೋಜನೆ ತಿದ್ದಿ ಗೈಡ್‌ಗೆ ಕಳಿಸಿದ್ದೇನೆ. ‘ಮುದ್ರಣದ ದುಡ್ಡು ಆಗಲೇ ಖರ್ಚಾಗಿದೆಯಲ್ಲಮ್ಮ’ ಅಂತ ಉತ್ತರ ಬಂದಿದೆ. ಎಂಟುನೂರು ಕರಪತ್ರ ನನ್ನ ಮಂಚದ ಕೆಳಗಿವೆ.