ಪ್ರಾಕ್ಸ್‌ಮಾಕ್ಸ್: ಓಪನ್ ಸೋರ್ಸ್ ಅಂದ್ಮೇಲೆ ಸಬ್‌ಸ್ಕ್ರಿಪ್ಷನ್ ಯಾತಕ್ಕೆ?

ಲ್ಯಾಬ್_ಮೇಷ್ಟ್ರು:
ಕಾಲೇಜಿನ ಲ್ಯಾಬಲ್ಲಿ ಎರಡು ಸಾಕೆಟ್‌ನ (ಅಂದ್ರೆ ಎರಡು ಪ್ರೊಸೆಸರ್ ಕೂರೋ) ಹಳೇ ಸರ್ವರ್ ಸುಮ್ನೆ ಬಿದ್ದಿತ್ತು, ಒಂದೇ ಸರ್ವರಲ್ಲಿ ಹಲವು ವರ್ಚುವಲ್ ಮಷೀನ್ (ವಿಎಂ) ಓಡಿಸೋ ಪ್ರಾಕ್ಸ್‌ಮಾಕ್ಸ್ ವಿಇ ಸಾಫ್ಟ್‌ವೇರ್ ಹಾಕಿದೆ. ಲಾಗಿನ್ ಆದಾಗೆಲ್ಲ 'ನೋ ವ್ಯಾಲಿಡ್ ಸಬ್‌ಸ್ಕ್ರಿಪ್ಷನ್' ಅನ್ನುತ್ತೆ, ಅಪ್‌ಡೇಟ್ ಕೊಟ್ರೆ 401 ಎರರ್. ಪ್ರಿನ್ಸಿಪಾಲರು ನೋಡಿ "ಏನ್ರೀ ಇದು, ಕ್ರ್ಯಾಕ್ ಮಾಡಿದ್ದಾ?" ಅಂದ್ರು. ದುಡ್ಡು ಕಟ್ಟದಿದ್ರೆ ಒಂದಿನ ನಿಂತೋಗುತ್ತಾ? ಕಟ್ಟಿದ್ರೆ ಏನು ಸಿಗುತ್ತೆ?

ರಾತ್ರಿಪಾಳಿ:
ನಿಲ್ಲಲ್ಲ. ಓಕೆ ಒತ್ತಿ ಮುಂದಕ್ಕೆ ಹೋಗಿ. ಆ ಮೆಸೇಜ್ ತೆಗೆಯೋ ಸ್ಕ್ರಿಪ್ಟೂ ಸಿಗುತ್ತೆ.

ಹಳೇ_ಅಡ್ಮಿನ್:
ಸ್ಕ್ರಿಪ್ಟ್ ಸಹವಾಸ ಬೇಡ ಮೇಷ್ಟ್ರೇ, ಮುಂದಿನ ಅಪ್‌ಡೇಟ್‌ಗೆ ಮೆಸೇಜ್ ವಾಪಸ್ ಬರುತ್ತೆ.

ಕ್ರ್ಯಾಕ್ ಅಂತೂ ಅಲ್ಲ, ಎಜಿಪಿಎಲ್ 3 ಅನ್ನೋ ಓಪನ್ ಸೋರ್ಸ್ ಲೈಸೆನ್ಸ್, ಧೈರ್ಯವಾಗಿ ಹೇಳಿ. 401 ಯಾಕಂದ್ರೆ, ಇನ್‌ಸ್ಟಾಲ್ ಆದಾಗ ಎಂಟರ್‌ಪ್ರೈಸ್ ರೆಪೊ (ಅಪ್‌ಡೇಟ್ ಪ್ಯಾಕೇಜ್ ಸಿಗೋ ಜಾಗ) ತಾನಾಗೇ ಆನ್ ಆಗಿರುತ್ತೆ, ಅದಕ್ಕೆ ಸಬ್‌ಸ್ಕ್ರಿಪ್ಷನ್ ಕೀ ಬೇಕು. ನೋಡ್ (ಪಟ್ಟಿಯಲ್ಲಿರೋ ನಿಮ್ಮ ಸರ್ವರ್ ಹೆಸರು) ಮೇಲೆ ಕ್ಲಿಕ್ ಮಾಡಿ ಅಪ್‌ಡೇಟ್ಸ್, ಅದರೊಳಗೆ ರೆಪಾಸಿಟರೀಸ್. ಎಂಟರ್‌ಪ್ರೈಸ್ ಡಿಸೇಬಲ್ ಮಾಡಿ, 'ನೋ-ಸಬ್‌ಸ್ಕ್ರಿಪ್ಷನ್' ಸೇರಿಸಿ. ಸೆಫ್ ಅನ್ನೋ ಸ್ಟೋರೇಜ್ ಸಾಫ್ಟ್‌ವೇರ್‌ದೂ ಒಂದು ಎಂಟರ್‌ಪ್ರೈಸ್ ಸಾಲು ಇದ್ರೆ ಅದನ್ನೂ ಆಫ್ ಮಾಡಿ. ಬಹಳ ಜನ ಅದೊಂದನ್ನ ಬಿಟ್ಟು, 401 ಹೋಗ್ಲಿಲ್ಲ ಅಂತ ಮತ್ತೆ ಇಲ್ಲಿಗೇ ಬರ್ತಾರೆ!

ಫೀಚರ್ ಎರಡೂ ರೆಪೊದಲ್ಲಿ ಅವೇ. ಹೊಸ ಪ್ಯಾಕೇಜ್ ಮೊದಲು ನೋ-ಸಬ್‌ಸ್ಕ್ರಿಪ್ಷನ್‌ಗೆ ಬರುತ್ತೆ. ನಮ್ಮಂಥೋರ ಕೈಯಲ್ಲಿ ಪಳಗಿದ ಮೇಲೆ ಎಂಟರ್‌ಪ್ರೈಸ್‌ಗೆ ಹೋಗುತ್ತೆ. ದುಡ್ಡು ಕಟ್ಟೋದು ಆ ಪಳಗಿದ ಮಾಲಿಗೆ. ಕೆಳಗಿನ 'ಕಮ್ಯುನಿಟಿ' ಹಂತದಲ್ಲಿ ಅಷ್ಟೇ ಸಿಗೋದು, ಟಿಕೆಟ್ ಹಾಕಿ ಕಂಪನಿಯವರ ಹತ್ರ ಸಹಾಯ ಕೇಳ್ಬೇಕು ಅಂದ್ರೆ 'ಬೇಸಿಕ್' ಇಲ್ಲಾ ಅದಕ್ಕೂ ಮೇಲಿನದು ಬೇಕು. ಲೆಕ್ಕ ಸಾಕೆಟ್‌ಗೆ, ವರ್ಷಕ್ಕೆ. ಕೋರ್ ಎಷ್ಟಿದ್ರೂ, ವಿಎಂ ಎಷ್ಟು ಓಡಿಸಿದ್ರೂ ಕೇಳಲ್ಲ.

ಲ್ಯಾಬ್ ತಾನೇ, ನೋ-ಸಬ್‌ಸ್ಕ್ರಿಪ್ಷನ್ ಸಾಕು. ಅಂಕಪಟ್ಟಿ, ಫೀಸ್ ಲೆಕ್ಕ ಅದರ ಮೇಲೆ ಕೂರಿಸ್ತೀರಾದ್ರೆ ನಾನಂತೂ ಕಟ್ಟಿಸ್ತೀನಿ.

ರಾತ್ರಿಪಾಳಿ:
ರೆಡ್ ಹ್ಯಾಟ್‌ದೂ ಇದೇ ಕಥೆ ಅಲ್ವಾ?

ಹಳೇ_ಅಡ್ಮಿನ್:
ಅವರು ಬಿಗಿ ಜಾಸ್ತಿ. 2023ರ ಜೂನ್‌ನಿಂದ ತಮ್ಮ ಲಿನಕ್ಸ್ ಆರ್‌ಎಚ್‌ಇಎಲ್‌ನ ಸೋರ್ಸನ್ನ ಗ್ರಾಹಕರ ಪೋರ್ಟಲ್‌ನಲ್ಲಷ್ಟೇ ಕೊಡ್ತಾರೆ, ಹೊರಗಿನವರಿಗೆ ಸಿಗೋದು ಸೆಂಟ್‌ಒಎಸ್ ಸ್ಟ್ರೀಮ್ ಅನ್ನೋ ಅವರದೇ ಇನ್ನೊಂದು ಲಿನಕ್ಸ್‌ನ ಸೋರ್ಸ್. ಆದ್ರೂ ಮನೇಲಿ ಕಲಿಯೋರಿಗೆ ಡೆವಲಪರ್ ಸಬ್‌ಸ್ಕ್ರಿಪ್ಷನ್ ಇದೆ, 16 ಸಿಸ್ಟಮ್‌ವರೆಗೆ ಪುಕ್ಕಟೆ.

ಲ್ಯಾಬ್_ಮೇಷ್ಟ್ರು:
401 ಹೋಯ್ತು. ನಿಮ್ಮ ಊಹೆ ಸರಿ, ಸೆಫ್ ಸಾಲೂ ಇತ್ತು. ಮುಂದಿನ ವರ್ಷ ಆಫೀಸ್ ಸರ್ವರ್‌ಗೆ ಕಟ್ಟಿ, ಆಮೇಲೆ ರಿನ್ಯೂ ಮಾಡದಿದ್ರೆ?

ಹಳೇ_ಅಡ್ಮಿನ್:
ವಿಎಂಗಳು ಓಡ್ತಾನೇ ಇರ್ತವೆ, ಎಂಟರ್‌ಪ್ರೈಸ್ ರೆಪೊ ಮಾತ್ರ ಬಾಗಿಲು ಹಾಕ್ಕೊಳ್ಳುತ್ತೆ. ಇಂಡೆಂಟ್‌ನಲ್ಲಿ ಎರಡು ಸಾಕೆಟ್ ಅಂತ ಬರೆಯೋದು ಮರೀಬೇಡಿ. ಕಂಪನಿ ವಿಯೆನ್ನಾದ್ದು, ದರ ಯೂರೋದಲ್ಲಿರುತ್ತೆ. ನಿಮ್ಮ ಅಕೌಂಟ್ಸ್‌ನವರಿಗೆ ಅದನ್ನ ಈಗ್ಲೇ ಕಿವಿಗೆ ಹಾಕಿಡಿ.