ಅಪ್‌ಡೇಟ್: ಝಡ್‌ಲಿಬ್‌ದ -5 ಎರರ್ ಹೋತ್ರಿ

ಹೋದ ವಾರ ಕೇಳಿದ್ನಲ್ರಿ, ತಿಕೋಟಾ ಕಡೆ ನಮ್ಮ ದ್ರಾಕ್ಷಿ ತೋಟದ ಸೆನ್ಸರ್ ಡೇಟಾ ಝಡ್‌ಲಿಬ್‌ನಿಂದ (ಡೇಟಾ ಸಣ್ಣದು ಮಾಡಿ ಮತ್ತ ಬಿಚ್ಚೋ ಲೈಬ್ರರಿ) ಮೆಮರಿಯೊಳಗ ಕಂಪ್ರೆಸ್ ಆಗ್ತದ ಆದ್ರ ವಾಪಸ್ ಬಿಚ್ಚೂಮುಂದ -5 ಬರ್ತದ ಅಂತ, ಅದು ಸಿಕ್ತು. -5 ಅಂದ್ರ ಬಫರ್ ಎರರ್, ಬಿಚ್ಚಿದ ಡೇಟಾ ಇಡಾಕ ನಾ ಕೊಟ್ಟ ಜಾಗ (ಬಫರ್) ಸಾಲ್ತಿರಲಿಲ್ಲ. ಬಿಚ್ಚೋ ಫಂಕ್ಷನ್‌ಗೆ ಕೊಡೋ ಡೆಸ್ಟಿನೇಷನ್ ಲೆಂತ್ ವೇರಿಯೇಬಲ್ ಐತಲ್ಲ, ಅದರಾಗ ಫಂಕ್ಷನ್ ಕರಿಯೂಮುಂದ ಬಫರ್ ಸೈಜ್ ಇರಬೇಕು, ಕೆಲಸ ಮುಗದ ಮ್ಯಾಲ ಅದರಾಗ ಬಿಚ್ಚಿದ ಡೇಟಾದ ಸೈಜ್ ಕುಂದರ್ತದ, ನಾ ಲೂಪ್‌ನ್ಯಾಗ ಅದನ್ನ ರಿಸೆಟ್ ಮಾಡದ ಹಂಗ ಬಳಸಾಕತ್ತಿದ್ದೆ, ಮುಂದಿನ ಬ್ಲಾಕ್ ದೊಡ್ಡದಿದ್ರ ಅಲ್ಲೇ ಫೇಲ್.

ಮತ್ತ ಝಡ್‌ಲಿಬ್ ಫಾರ್ಮ್ಯಾಟ್‌ನ್ಯಾಗ ಮೂಲ ಸೈಜ್ ಇರೂದಿಲ್ರಿ, ಅದಕ್ಕ ಈಗ ಪ್ರತಿ ಬ್ಲಾಕ್ ಮುಂದ 4 ಬೈಟ್‌ದಾಗ ನಾನ ಬರದಿಡ್ತೀನಿ. ಸರ್ವರ್‌ದಿಂದ ಬರೋ ಜಿಝಿಪ್ (ಇನ್ನೊಂದು ಕಂಪ್ರೆಸ್ ಫಾರ್ಮ್ಯಾಟ್) ಡೇಟಾಕ್ಕ ಮಾತ್ರ -3, ಅಂದ್ರ ಡೇಟಾ ಎರರ್, ಬರ್ತಿತ್ತು, ಅದಕ್ಕ ಬಿಚ್ಚೂ ತಯಾರಿ ಮಾಡೋ ಇನ್‌ಫ್ಲೇಟ್‌ಇನಿಟ್2 ಫಂಕ್ಷನ್ ಕರದು ಅದರ ವಿಂಡೋಬಿಟ್ಸ್ ಸೆಟ್ಟಿಂಗ್‌ಗೆ 15+32 ಕೊಟ್ಟೆ, ಝಡ್‌ಲಿಬ್, ಜಿಝಿಪ್ ಎರಡೂ ನಮೂನಿ ತಾನ ಗುರುತು ಹಿಡೀತದ. ಉತ್ತರ ಕೊಟ್ಟೋರಿಗೆಲ್ಲ ಭಾಳ ಥ್ಯಾಂಕ್ಸ್ ರೀ, ಮೂರು ರಾತ್ರಿ ನಿದ್ದಿ ಇರಲಿಲ್ಲ.