ಸಹಾಯ ಬೇಕು: ಸ್ಲೆಡ್ ಇಲ್ಲದ ಊರಲ್ಲಿ ಹೈರಾಕ್ಸ್ ತಯಾರಿ ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು, ಹೈರಾಕ್ಸ್ ಪುರುಷರ ಓಪನ್ ವಿಭಾಗಕ್ಕೆ ತಯಾರಿ ಮಾಡ್ತಿದ್ದೀನಿ. ಗೊತ್ತಿಲ್ಲದವರಿಗೆ, ಇದು ಒಳಾಂಗಣದ ರೇಸ್. 1 ಕಿ.ಮೀ. ಓಟ, ಆಮೇಲೆ ಒಂದು ವರ್ಕೌಟ್, ಹೀಗೆ 8 ಸಲ.

ಓಟಕ್ಕೆ ಕುಂದವಾಡ ಕೆರೆ ಇದೆ, ಚಿಂತೆ ಇಲ್ಲ. ಲಂಜಸ್‌ಗೆ (ಹೆಗಲ ಮೇಲೆ ಮರಳು ಚೀಲ ಹೊತ್ತು, ಮಂಡಿ ಬಗ್ಗಿಸ್ತಾ ಹೆಜ್ಜೆ ಹಾಕೋದು) ಅಕ್ಕಿ ಚೀಲದಲ್ಲಿ 20 ಕೆ.ಜಿ. ಮರಳು ತುಂಬಿ ಬಾಯಿ ಹೊಲಿಸ್ಕೊಂಡೆ. ಫಾರ್ಮರ್ಸ್ ಕ್ಯಾರಿಗೆ (ಎರಡೂ ಕೈಯಲ್ಲಿ ತೂಕ ಹಿಡಿದು ನಡೆಯೋದು) ಬೇಕಾದ ತಲಾ 24 ಕೆ.ಜಿ. ಕೆಟಲ್‌ಬೆಲ್ ಜೋಡಿ ಜಿಮ್‌ನಲ್ಲೇ ಇದೆ.

ಸಿಕ್ಕಿಹಾಕ್ಕೊಂಡಿರೋದು ಸ್ಲೆಡ್‌ನಲ್ಲಿ, ಅಂದ್ರೆ ತೂಕ ಹೇರಿ ನೆಲದ ಮೇಲೆ ಜಾರಿಸೋ ಲೋಹದ ಚೌಕಟ್ಟಿನಲ್ಲಿ. ತಳ್ಳೋಕೆ ಸ್ಲೆಡ್ ಸೇರಿ 152 ಕೆ.ಜಿ., ಹಗ್ಗ ಹಿಡಿದು ಎಳೆಯೋಕೆ 103 ಕೆ.ಜಿ., ಎರಡೂ 50 ಮೀಟರ್. ನಮ್ಮ ಜಿಮ್‌ನಲ್ಲಿ ಸ್ಲೆಡ್ ಇಲ್ಲ. ಹಳೇ ಲಾರಿ ಟೈರ್‌ಗೆ ಹಗ್ಗ ಕಟ್ಟಿ, ಒಳಗೆ ಜಿಮ್‌ನ ತೂಕದ ಪ್ಲೇಟ್ ಇಟ್ಟು ಖಾಲಿ ಸೈಟ್‌ನಲ್ಲಿ ಎಳೆದು ನೋಡಿದೆ. ಒಣ ಮಣ್ಣಲ್ಲಿ ಸಲೀಸಾಗಿ ಬರುತ್ತೆ, ಮಳೆ ಬಿದ್ದ ಮೇಲೆ ಜಪ್ಪಯ್ಯ ಅಂದ್ರೂ ಅಲುಗಾಡಲ್ಲ. ಆಫ್ ಮಾಡಿದ ಟ್ರೆಡ್‌ಮಿಲ್ ಬೆಲ್ಟ್ ಕಾಲಲ್ಲಿ ತಳ್ಳೋಣ ಅಂದ್ರೆ ಮೋಟರ್ ಹೋಗುತ್ತೆ ಅಂತ ಜಿಮ್‌ನವರು ಬಿಡಲ್ಲ, ಅವರು ಹೇಳೋದೂ ಸರಿಯೇ.

ರೇಸ್‌ನಲ್ಲಿರೋದು ಕಾರ್ಪೆಟ್. ತೂಕ ಅಷ್ಟೇ ಇದ್ರೂ ಘರ್ಷಣೆ ಬೇರೆ, ಹಾಗಾಗಿ ಕೆ.ಜಿ. ಲೆಕ್ಕ ಇಲ್ಲಿ ಕೆಲಸಕ್ಕೆ ಬರ್ತಿಲ್ಲ. ತೊಡೆ ಸೋತ ಮೇಲೆ ಮತ್ತೆ 1 ಕಿ.ಮೀ. ಓಡ್ಬೇಕಲ್ಲ, ನನಗೆ ಆ ಅಭ್ಯಾಸವೇ ಮುಖ್ಯ.

ಸ್ಲೆಡ್ ಇಲ್ಲದೆ ತಯಾರಾಗಿ ರೇಸ್ ಮುಗಿಸಿದವರು ದಯವಿಟ್ಟು ಹೇಳಿ: ಟೈರ್ ಮೇಲೆ ಎಷ್ಟು ಭಾರ ಅನ್ನೋದನ್ನ ಹೇಗೆ ನಿರ್ಧರಿಸಿದ್ರಿ, 50 ಮೀಟರ್‌ಗೆ ಹಿಡಿಯೋ ಸಮಯ ನೋಡಿಯೋ, ಬೇರೆ ಲೆಕ್ಕದಲ್ಲೋ? ಹರಿಹರ, ಚಿತ್ರದುರ್ಗದ ಕಡೆ ಸ್ಲೆಡ್ ಇರೋ ಜಿಮ್ ಗೊತ್ತಿದ್ರೂ ತಿಳಿಸಿ, ಬರೋಕೆ ರೆಡಿ ಇದ್ದೀನಿ.